ಕಮರಿಪೇಟಿ ಸಮುದ್ರದಾಗ ಕೆಂಪು ಪಾಚಿ

ಕಮರಿಪೇಟ್ಯಾಗ ಸಮುದ್ರ ಐತಿ ಅಂದ್ರ ನೀವು ನಗ್ತೀರಿ. ನಗ್ರಿ, ಆದ್ರ ಐತಿ. ಮುರುಗೆಪ್ಪ ಕಾಕಾರ ಮನಿ ಪಡಸಾಲ್ಯಾಗ, ಮೊದಲ ಜೋಳದ ಚೀಲ ಒಟ್ಟತಿದ್ದ ಗ್ವಾಡಿಗೆ ಹಚ್ಚಿ, ಒಂದು ಮಂಚದಷ್ಟು ಉದ್ದದ ಗಾಜಿನ ಟ್ಯಾಂಕ್ ಐತಿ. ಅದರಾಗ ಉಪ್ಪು ನೀರು, ಕಲ್ಲು, ಹವಳ, ಕೇಸರಿ ಮೈಮ್ಯಾಲ ಬಿಳಿ ಪಟ್ಟಿ ಇರೋ ಎರಡು ಮೀನು, ಮತ್ತ ಇಡೀ ದಿನ ಬುಳುಬುಳು ಅನ್ನೋ ಪಂಪು. ನಲ್ಲ್ಯಾಗ ನೀರು ವಾರಕ್ಕೊಮ್ಮೆ ಬರೋ ಓಣ್ಯಾಗ, ಜನ ಕೊಡ ಸಾಲಾಗಿ ಇಟಗೊಂಡು ಕಾಯೋ ಓಣ್ಯಾಗ, ಒಬ್ಬ ಮನುಷ್ಯ ಸಮುದ್ರ ಸಾಕ್ಯಾನ ಅಂದ್ರ ಅವನ್ನ ನೋಡಾಕ ಬರೋವ್ರಿಗೇನು ಕಡಿಮಿ?

ಕಾಕಾರು ಅಡತಿ ವ್ಯಾಪಾರದವ್ರು. ಅಮರಗೋಳದ ಮಾರ್ಕೆಟ್ಟಿನ್ಯಾಗ ಹತ್ತಿ, ಶೇಂಗಾ, ಜೋಳ. ಅವ್ರ ಅಪ್ಪನೂ ಅದ, ಅಜ್ಜನೂ ಅದ. ಗರಗದ ಖಾದಿ ಧೋತ್ರ, ಮ್ಯಾಲ ಬಿಳಿ ಅಂಗಿ, ಹಣಿಮ್ಯಾಲ ವಿಭೂತಿ, ಕಿಸೆದಾಗ ದೊಡ್ಡ ಸ್ಮಾರ್ಟ್‌ಫೋನು. ಮಾರ್ಕೆಟ್ಟಿನ್ಯಾಗ ಅವ್ರ ಹೆಸರು ಯಾವುದಕ್ಕ ಅಂದ್ರ ಬೆರಳಿಗೆ. ಒಂದು ಚಿಮಟಿಗಿ ಹತ್ತಿ ತಗೊಂಡು, ಎರಡೂ ಹೆಬ್ಬೆರಳ ನಡುವ ಹಿಡದು, ಮೆತ್ತಗ ಎಳದು, ಎಳಿ ಹ್ಯಾಂಗ ಬಿಡತೈತಿ ನೋಡಿ, ಇದು ಅಮ್ಮಿನಬಾವಿ ಹೊಲದ್ದು, ಮಳಿ ಬಿದ್ದ ಮ್ಯಾಲ ಬಿಡಿಸ್ಯಾರ, ನಡುವ ಹಳೇ ಹತ್ತಿ ಕೂಡಿಸ್ಯಾರ ಅಂತ ಹೇಳಿಬಿಡ್ತಿದ್ರು. ತಂದವ ಮೊದಲ ಇಲ್ಲ ಅಂತಿದ್ದ, ಆಮ್ಯಾಲ ತಲಿ ಕೆರಕೋತ ಹೌದು ಅಂತಿದ್ದ. ಜೋಳನೂ ಹಂಗ. ಕತ್ತಲ್ಯಾಗ ಕೈ ಹಾಕಿದ್ರೂ ಯಾವ ಜೋಳ ಅಂತ ಗೊತ್ತಾಗ್ತಿತ್ತು. ಜೀವನದಾಗ ಯಾವುದನ್ನೂ ಎರಡನೇ ಸಲ ನೋಡೋ ಪ್ರಸಂಗನ ಬಂದಿದ್ದಿಲ್ಲ ಆ ಮನುಷ್ಯಾಗ.

ಇಂಥವ್ರಿಗೆ ಸಮುದ್ರದ ಹುಚ್ಚು ಹಿಡದಿದ್ದು ಕೊಯಮತ್ತೂರಿನ್ಯಾಗ. ಹತ್ತಿ ಮಾರಾಕ ಹೋಗಿದ್ರು. ಮಿಲ್ ಮಾಲಕನ ಆಫೀಸಿನ್ಯಾಗ ಕುಂಡ್ರಿಸಿದ್ರು. ಎದುರಿಗೆ ಒಂದು ಟ್ಯಾಂಕು, ಅದರಾಗ ಹವಳ ಗಾಳಿಗೆ ತೂಗೋ ಬೆಳಿ ಹಂಗ ತೂಗಾಕತ್ತಿತ್ತು. ಮಾಲಕ ಬಂದು ದರದ ಮಾತು ತಗದ್ರ ಕಾಕಾರು ಹೂಂ, ಹೂಂ ಅಂದ್ರಂತ ಅಷ್ಟ, ಕಣ್ಣು ಮಾತ್ರ ಟ್ಯಾಂಕಿನ ಮ್ಯಾಲ. ಊರಿಗೆ ಬಂದವ್ರು ಸೀದಾ ದುರ್ಗದ ಬೈಲ್ ಕಡೆ ಮೀನಿನ ಅಂಗಡಿ ಇಟ್ಟ ಜುಲ್ಫಿಕಾರನ ಹಂತ್ಯಾಕ ಹೋದ್ರು. ಜುಲ್ಫಿಕಾರ ಗೋಲ್ಡ್‌ಫಿಶ್ ಮಾರಾವ, ಇವ್ರು ಕೇಳಿದ್ದು ಹವಳ. ಅವ ಇವ್ರ ವಿಭೂತಿ ನೋಡಿದ, ಧೋತ್ರ ನೋಡಿದ, "ಸಾವಕಾರ್ರ, ಮೀನು ಸಾಕಾಕೋ, ಮತ್ತ…" ಅಂತ ಅರ್ಧಕ್ಕ ನಿಲ್ಲಿಸಿದ. ಸಾಕಾಕಪ್ಪಾ ಸಾಕಾಕ ಅಂದ್ರು ಕಾಕಾರು. ಅಲ್ಲಿಂದ ಇಬ್ಬರೂ ಕೂಡೇ ಕಲತ್ರು, ಫೋನಿನ್ಯಾಗ ನೋಡಿ, ತಪ್ಪು ಮಾಡಿ, ಮುಂಬಯಿಯಿಂದ ಉಪ್ಪು ತರಿಸಿ, ಬಿಸಲೇರಿ ನೀರಿಗಿಂತ ಸ್ವಚ್ಛ ನೀರು ಸೋಸಿ.

ಟ್ಯಾಂಕಿನ್ಯಾಗ ಎಲ್ಲಕ್ಕಿಂತ ಪ್ರೀತಿದು ಅಂದ್ರ ಸುತ್ತಿಗಿ ಹವಳ. ಪ್ರತಿ ಎಸಳಿನ ತುದಿ ಸಣ್ಣ ಸುತ್ತಿಗಿ ಆಕಾರ ಇರ್ತೈತಿ, ಅದಕ್ಕ ಆ ಹೆಸರು. ತಂದಾಗ ಹೆಬ್ಬೆರಳಿನಷ್ಟಿತ್ತು. ಈಗ ಒಂದು ದೊಡ್ಡ ಹೂಕೋಸಿನ ಗಡ್ಡಿಯಷ್ಟು. ಬೆಳಿಗ್ಗೆ ಲೈಟ್ ಹತ್ತಿದ ಕೂಡ್ಲೇ ಹಸರಾಗಿ ಉಬ್ಬಿ ಅರಳೋದು, ಅದನ್ನ ನೋಡಿದ ಮ್ಯಾಲ ಕಾಕಾರು ಚಹಾ ಕುಡಿಯೋದು, ಇದು ಎಷ್ಟೋ ವರ್ಷದ ರೂಢಿ. ರಾಜೇಶ್ವರಿ ಕಾಕು, ಅಂದ್ರ ಅವ್ರ ಮನಿಯಾಕಿ, ಓಣ್ಯಾಗ ಎಲ್ಲಾರ ಮುಂದೂ ಹೇಳ್ತಿದ್ರು, ನಮ್ಮ ಮನ್ಯಾವ್ರು ಲಗ್ನದಾಗೂ ನನ್ನ ಮಾರಿ ಹಿಂಗ ನೋಡಿಲ್ಲ ಅಂತ.

ಇಂಥಾ ಹವಳದ ಬುಡಕ್ಕ ಒಂದು ದಿನ ಪಾಚಿ ಬಂತು.

ಮೊದಲ ಮರಳಿನ ಮ್ಯಾಲ ಕಂದು ಧೂಳು ಬಿದ್ದಂಗ ಕಾಣಿಸ್ತು. ಫೋಟೋ ನೋಡಿದ ಜುಲ್ಫಿಕಾರ, ಇದು ಡಯಾಟಮ್ ಅಂತ, ಹೊಸಾ ಕಂದು ಪಾಚಿ ಸಾವಕಾರ್ರ, ತಾನ ಬರತೈತಿ ತಾನ ಹೋಗತೈತಿ, ಕೈ ಹಚ್ಚಬ್ಯಾಡ್ರಿ ಅಂದ. ಸರಿ, ಕೈ ಹಚ್ಚಲಿಲ್ಲ. ಅದು ಹೋಗಲಿಲ್ಲ. ಹೋಗೋದು ಬಿಡ್ರಿ, ಕಲ್ಲಿನ ಮ್ಯಾಲ ಹಸರು ಕೂದಲಾ ಬಂದ್ವು, ಮರಳಿನ ಮ್ಯಾಲ ಕೆಂಪು ಮಖಮಲ್ಲು ಹಾಸಿದಂಗ ಒಂದು ಪದರು ಬಂತು, ಅದರ ಮ್ಯಾಲ ಸಣ್ಣ ಸಣ್ಣ ಗುಳ್ಳಿ. ಸಂಜಿಕ್ಕ ಲೈಟ್ ಆರಿದ ಮ್ಯಾಲ ಕಡಿಮಿ ಅನಸ್ತಿತ್ತು, ಮರುದಿನ ಮಧ್ಯಾಹ್ನ ನೋಡಿದ್ರ ದುಪ್ಪಟ್ಟು. ಒಂದ ಟ್ಯಾಂಕಿನ್ಯಾಗ ಕಂದು, ಹಸರು, ಕೆಂಪು, ಮೂರೂ. ಇದು ಒಂದೋ, ಮೂರೋ? ಒಂದ ಮೂರು ಬಣ್ಣ ಹಾಕ್ಕೊಂಡೈತೋ? ಕಾಕಾರಿಗೆ ಒಟ್ಟ ತಿಳೀವಲ್ದು.

ಸುತ್ತಿಗಿ ಹವಳದ ಒಂದು ಮಗ್ಗಲು ಅರಳೋದು ಬಿಡ್ತು. ಕೆಂಪು ಪದರು ಅದರ ಕಾಲಿಗೆ ಹತ್ತಿ ಮ್ಯಾಲ ಏರಾಕತ್ತಿತ್ತು. ಹವಳಕ್ಕ ಪಾಚಿ ಮುಚ್ಚಿತಂದ್ರ ಬೆಳಕಿಲ್ಲ, ಉಸಿರಿಲ್ಲ, ಕೊಳತ ಹೋಗತೈತಿ, ಮತ್ತ ಹೋದದ್ದು ತಿರುಗಿ ಬರಂಗಿಲ್ಲ. ಇಷ್ಟು ಕಾಕಾರಿಗೆ ಪಕ್ಕಾ ಗೊತ್ತಿತ್ತು. ಉಳಿದದ್ದೆಲ್ಲಾ ಮಸಕು.

ಅವ್ರು ತಮಗ ಗೊತ್ತಿರೋ ಒಂದ ಪದ್ಧತಿ ಹಿಡದ್ರು. ತೋಳು ಏರಿಸಿ, ಟ್ಯಾಂಕಿನ್ಯಾಗ ಕೈ ಬಿಟ್ಟು, ಒಂದು ಚಿಮಟಿಗಿ ಪಾಚಿ ತಗೊಂಡು, ಎರಡೂ ಹೆಬ್ಬೆರಳ ನಡುವ ಹಿಡದು ಎಳದ್ರು, ಹತ್ತಿ ಎಳದಂಗ. ಹಸರು ಎಳದ್ರ ಎಳಿ ಬಂತು. ಕೆಂಪು ಎಳದ್ರ ಅದೂ ಒಂದು ನಮೂನಿ ಎಳಿ, ಆದ್ರ ಲೋಳಿ ಲೋಳಿ. ಕಂದು ಎಳದ್ರ ಸುಂಬಳ. ಮೂಸಿ ನೋಡಿದ್ರು. ಬಿಸಲಿಗೆ ಹಿಡದ್ರು. ರಾಜೇಶ್ವರಿ ಕಾಕು ಅಡಿಗಿಮನಿಯಿಂದ ಹಣಿಕಿ ಹಾಕಿ, ಏನ್ರಿ, ಎಷ್ಟಕ್ಕ ಹೋಗತೈತಂತ ಇದು ಮಾರ್ಕೆಟ್ಟಿನ್ಯಾಗ ಅಂತ ಕೇಳಿದ್ರು. ಕಾಕಾರು ಇನ್ನೊಂದು ಚಿಮಟಿಗಿ ತಗೊಂಡು ಎಳದ್ರು. ಬೆರಳು ಏನೂ ಹೇಳವಲ್ದು ಅನ್ನೋದು ಅವ್ರಿಗೆ ಹೊಸಾದು.

ಆಮ್ಯಾಲ ವಾಟ್ಸ್ಯಾಪ್ ಗ್ರೂಪ್. ಸಮುದ್ರದ ಟ್ಯಾಂಕ್ ಇಟ್ಟವ್ರದ ಒಂದು ಗ್ರೂಪ್ ಐತಿ, ಎಲ್ಲೆಲ್ಲಿಯವ್ರೋ ಅದಾರ. ಕಾಕಾರು ಫೋಟೋ ಹಾಕಿ, ಇದೇನು ದಯಮಾಡಿ ಹೇಳ್ರಿ ಅಂತ ಕೇಳಿದ್ರು. ಮುಂಬಯಿ ಮನುಷ್ಯ ಹೇಳಿದ, ಇದು ಸಯಾನೋ, ಕೆಂಪು ಲೋಳಿ, ಮೀನಿಗೆ ಊಟ ಕಡಿಮಿ ಮಾಡ್ರಿ, ನೀರು ಬದಲಸ್ರಿ. ಕೊಚ್ಚಿ ಮನುಷ್ಯ ಹೇಳಿದ, ಗುಳ್ಳಿ ನೋಡ್ರಿ, ಇದು ಡೈನೋ, ಕಣ್ಣಿಗೆ ಕಾಣಧ ಸಣ್ಣ ಜೀವಿ, ಊಟ ಹೆಚ್ಚ ಮಾಡ್ರಿ, ನೀರು ಬದಲಸಿದ್ರ ಕೆಟ್ಟಿರಿ. ಚೆನ್ನೈದವ ಒಬ್ಬ, ಎರಡೂ ಅಲ್ಲ, ಬರೇ ಕೂದಲ ಪಾಚಿ, ಬಸವನಹುಳ ತಂದು ಬಿಡ್ರಿ ಅಂದ. ಆಮ್ಯಾಲ ಮುಂಬಯಿಯವಗೂ ಕೊಚ್ಚಿಯವಗೂ ಜಗಳ ಹತ್ತಿ, ಹಳೇ ಯಾವುದೋ ಮಾತು ಬಂದು, ಕಾಕಾರ ಟ್ಯಾಂಕು ಇಬ್ಬರಿಗೂ ಮರತ ಹೋತು.

ಈಗ ನೋಡ್ರಿ, ಇದ ದೊಡ್ಡ ಪೇಚು. ಒಬ್ಬ ಊಟ ಹೆಚ್ಚ ಮಾಡು ಅಂತಾನ, ಒಬ್ಬ ಕಡಿಮಿ ಮಾಡು ಅಂತಾನ. ಹೆಸರು ತಪ್ಪಿತಂದ್ರ ಔಷಧ ಉಲ್ಟಾ. ಉಲ್ಟಾ ಆತಂದ್ರ ಹವಳ ಹೋತು. ಸುಮ್ಮನ ಕುಂತ್ರೂ ಹವಳ ಹೋಗತೈತಿ. ಕಾಕಾರು ಮಾರ್ಕೆಟ್ಟಿಗೆ ಹೋದ್ರು, ಚೀಲದಾಗ ಕೈ ಹಾಕಿದ್ರು, ರೈತ ಎದುರಿಗೆ ನಿಂತಾನ, ಇವ್ರು ಶೇಂಗಾ ಹಿಡಕೊಂಡು ಸಯಾನೋ, ಡೈನೋ, ಸಯಾನೋ, ಡೈನೋ ಅಂತ ಒಳಗ ಜಪ ಮಾಡಾಕತ್ಯಾರ. ಸಾವಕಾರ್ರಿಗೆ ಆರಾಮಿಲ್ಲೇನು ಅಂತ ಹಮಾಲರು ತಮ್ಮತಮ್ಮೊಳಗ ಕೇಳ್ಕೊಂಡ್ರಂತ.

ಕೊಚ್ಚಿಯವ ಒಂದು ಪರೀಕ್ಷಾ ಹೇಳಿದ್ದ. ಪಾಚಿನ ಬಾಟಲಿಗೆ ಹಾಕಿ ಜೋರ ಅಲ್ಲಾಡಿಸ್ರಿ, ಸೋಸ್ರಿ, ಸೋಸಿದ ನೀರು ಬೆಳಕಿಗೆ ಇಡ್ರಿ. ಒಂದು ತಾಸಿನ್ಯಾಗ ತಿರುಗಿ ಕೂಡಿ ಎಳಿ ಆತಂದ್ರ ಡೈನೋ, ಆಗಲಿಲ್ಲಂದ್ರ ಅಲ್ಲ. ಕಾಕಾರಿಗೆ ಇದು ಮನಸ್ಸಿಗೆ ಬಂತು, ಯಾಕಂದ್ರ ಕೈಲೆ ಮಾಡೋ ಕೆಲಸ. ಸೋಸೋ ಕಾಗದ ಮನ್ಯಾಗ ಎಲ್ಲಿಂದ ಬರಬೇಕು, ಚಹಾ ಸೋಸೋ ಜಾಳಗಿ ಮುಟ್ಟಾಕ ಕಾಕು ಬಿಡಲಿಲ್ಲ, ಹಂಗಾಗಿ ತಮ್ಮ ಧೋತ್ರದ ಚುಂಗಿಲೆ ಸೋಸಿದ್ರು. ಬಾಟಲಿ ಮಾಳಗಿ ಮ್ಯಾಲ ಬಿಸಲಿಗೆ ಇಟ್ಟು ಬಾಜೂಕ ತಾವೂ ಕುಂತ್ರು. ತಾಸು ಆಗೂದ್ರಾಗ ನೀರಿನ್ಯಾಗ ಕೆಂಪು ಕಂದು ಎಳಿ ಕೂಡ್ಕೊಂಡು ತೇಲಾಕತ್ತಿದ್ವು. ಡೈನೋ! ಅವ್ರಿಗೆ ಆದ ಸಮಾಧಾನ ಏನ ಕೇಳ್ತೀರಿ, ಕೆಟ್ಟ ಸುದ್ದಿ ಇದ್ರೂ ಹೆಸರು ಸಿಕ್ತಲ್ಲ.

ಹೆಸರು ಸಿಕ್ಕ ಮ್ಯಾಲ ಔಷಧ ಶುರು. ಊಟ ಹೆಚ್ಚ ಮಾಡಿದ್ರು. ನೀರು ಬದಲಸೋದು ನಿಲ್ಲಿಸಿದ್ರು. ಲೈಟ್ ಆರಿಸಿ, ಟ್ಯಾಂಕಿಗೆ ಬೆಳಕು ಒಂದು ಸೂಜಿಮೊನಿಯಷ್ಟೂ ಹೋಗಬಾರದು ಅಂತ ಅಜ್ಜನ ಕಾಲದ ಕರಿ ಕಂಬಳಿ ಹೊಚ್ಚಿ ಹಗ್ಗದಲೆ ಕಟ್ಟಿದ್ರು. ಪಡಸಾಲ್ಯಾಗ ಅಷ್ಟು ಉದ್ದದ್ದು ಕಂಬಳಿ ಹೊಚಗೊಂಡು ಮಲಗಿದ್ದು ನೋಡಿ, ಎದುರು ಮನಿ ಉಜ್ಮಾ ಬಾಗಲದಾಗ ನಿಂತು ಸಣ್ಣ ದನಿಲೆ, ಕಾಕು, ಮನ್ಯಾಗ ಎಲ್ಲಾರೂ ಹುಷಾರದಾರಲ್ರೀ ಅಂತ ಕೇಳಿದ್ಲು. ಕಾಕು ಹೇಳಿದ್ರು, ಹುಷಾರದೇವವಾ, ಸಮುದ್ರಕ್ಕ ಥಂಡಿ ಆಗೇತಿ.

ಮೂರು ದಿನ ಬಿಟ್ಟು ಕಂಬಳಿ ತಗದಾಗ ಎಲ್ಲಾ ತಿಳಿಯಾಗಿ ಕಂಡಿತು. ಕಾಕಾರು ಪೇಢೆ ತಂದ್ರು. ಪೇಢೆ ಡಬ್ಬಿ ಖಾಲಿ ಆಗೂದ್ರಾಗ ಕೆಂಪು ತಿರುಗಿ ಬಂತು, ಮೊದಲಿಗಿಂತ ದಪ್ಪಾಗಿ, ಮರಳು ಕಾಣಧಂಗ. ಸುತ್ತಿಗಿ ಹವಳದ ಒಂದು ಮಗ್ಗಲು ಕಳಚಿ, ಬಿಳಿ ಎಲುವು ಕಂಡಿತು.

ಆ ದಿನ ಕಾಕಾರು ಚಹಾ ಕುಡೀಲಿಲ್ಲ.

ಅವ್ರ ದೋಸ್ತ ಅರ್ಜುನಪ್ಪ ಅಂತ, ಸಾಲ್ಯಾಗ ಹೆಡ್ ಮಾಸ್ತರ ಇದ್ದವ್ರು, ಅವ್ರ ಮಗಳು ಮಯೂರಿ ಧಾರವಾಡದ ಒಂದು ಕಾಲೇಜಿನ್ಯಾಗ ಬಾಟನಿ ಕಲಸ್ತಾಳ. ಅರ್ಜುನಪ್ಪನವ್ರು ಫೋನ್ ಮಾಡಿ ಹೇಳಿದ್ರು, ಲೇ, ನಿನ್ನ ಪಾಚಿ ನನ್ನ ಮಗಳಿಗೆ ತೋರಸು, ನನಗ ದಿನಾ ಫೋಟೋ ಕಳಸಬ್ಯಾಡ, ಊಟ ಹೋಗವಲ್ದು ನನಗ. ಹಂಗಾಗಿ ಕಾಕಾರು ಉಪ್ಪಿನಕಾಯಿ ಬಾಟಲಿ ತೊಳದು, ಅದರಾಗ ಮೂರೂ ಬಣ್ಣದ್ದು ತುಂಬಕೊಂಡು, ಧಾರವಾಡಕ್ಕ ಹೋಗೋ ಚಿಗರಿ ಬಸ್ ಹತ್ತಿದ್ರು. ತೊಡಿಮ್ಯಾಲ ಬಾಟಲಿ ಹಿಡಕೊಂಡು ಕುಂತಿದ್ರು. ಬಾಜೂದವ, ಯಾವ ಉಪ್ಪಿನಕಾಯಿರೀ ಯಜಮಾನ್ರ, ಬಣ್ಣ ಬ್ಯಾರೇ ಐತಲ್ಲ ಅಂದ. ಕಾಕಾರು ಖರೇ ಹೇಳಿದ್ರು. ಅವ ಎದ್ದು ಹಿಂದಿನ ಸೀಟಿಗೆ ಹೋದ.

ಮಯೂರಿ ಲ್ಯಾಬಿನ್ಯಾಗ ಒಬ್ಬಾಕಿನ ಇದ್ಲು. ಕಾಕಾರನ್ನ ಕುಂಡ್ರಿಸಿ, ನೀರು ಕೊಟ್ಟು, ಮೊದಲ ಎಲ್ಲಾ ಕೇಳಿದ್ಲು. ಧೋತ್ರದಲೆ ಸೋಸಿದ್ದು ಬಂದಾಗ ಅಕಿಗೆ ನಗು ಬಂತು, ಆದ್ರ ನಗಲಿಲ್ಲ, ತುಟಿ ಕಚ್ಚಿಕೊಂಡು ಸೋಸೋ ಕಾಗದ ತಗದು ಅದ ಪರೀಕ್ಷಾ ತಿರುಗಿ ಮಾಡಿದ್ಲು. ಕಾಗದದಿಂದ ಇಳದ ನೀರು ಪಳಪಳ. ತಾಸು ಕಾಯ್ದ್ರೂ ಪಳಪಳನ. ಧೋತ್ರದ ನೇಯ್ಗಿ ಈ ಪಾಚಿಗೆ ಅಗಸಿ ಬಾಗಲಾ ಇದ್ದಂಗ ಕಾಕಾ, ಎಳಿ ಎಳಿನ ದಾಟಿ ಹೋಗಿ ಕೆಳಗ ಕೂಡ್ಯಾವು ಅಂತ ತಿಳಿಸಿ ಹೇಳಿದ್ಲು. ಆಮ್ಯಾಲ ಒಂದು ಹನಿ ಗಾಜಿನ ಮ್ಯಾಲ ಹಾಕಿ ಮೈಕ್ರೋಸ್ಕೋಪಿನ್ಯಾಗ ನೋಡ್ರಿ ಅಂದ್ಲು.

ಕಾಕಾರು ಕಣ್ಣು ಇಟ್ರು. ಮೊದಲ ತಮ್ಮ ರೆಪ್ಪಿಕೂದಲಾನ ಕಂಡ್ವು. ಆಮ್ಯಾಲ ಒಮ್ಮಿಗೆ ಒಳಗ ಇನ್ನೊಂದು ಲೋಕ. ಸಣ್ಣ ಮಣಿ ಪೋಣಿಸಿದ ಸರದಂಗ ಎಳಿ, ಒಂದರ ಮ್ಯಾಲೊಂದು, ಮೆಲ್ಲಕ ಜಾರಾಕತ್ತಿದ್ವು. ಡೈನೋ ಇದ್ರ ಎಳಿ ಅಲ್ಲ, ಒಂದೊಂದ ಕಾಳು ಇದ್ದಂಗ ಇರ್ತಾವು, ಗಿರಗಿರ ಓಡ್ಯಾಡ್ತಾವು, ಇಲ್ಲಿ ಓಡೋವು ಒಂದೂ ಇಲ್ಲ ಅಂದ್ಲು ಮಯೂರಿ. ಇದು ಸಯಾನೋ, ಮುಂಬಯಿಯವ ಹೇಳಿದ್ದ ಖರೇ. ಮತ್ತ ಖರೇ ಅಂದ್ರ ಇದು ಪಾಚಿನೂ ಅಲ್ಲ ಕಾಕಾ, ಬ್ಯಾಕ್ಟೀರಿಯಾ. ಹಸರು ಕೂದಲಾ ಮಾತ್ರ ಖರೇ ಖರೇ ಪಾಚಿ.

ಕಾಕಾರು ತಲಿ ಎತ್ತಿದ್ರು. ಪಾಚಿ ಅನ್ನೋದು ಪಾಚಿ ಅಲ್ಲ, ಡೈನೋ ಅನ್ನೋದು ಡೈನೋ ಅಲ್ಲ, ಧೋತ್ರ ಅನ್ನೋದು ಬಾಗಲಾ. ಅವ್ರಿಗೆ ಇದ್ದ ಕನ್ಫ್ಯೂಜನ್ ಹೋಗಿ ಹೊಸಾ ಕನ್ಫ್ಯೂಜನ್ ಬಂದಿತ್ತು.

ಅಷ್ಟೊತ್ತಿಗೆ ಮಯೂರಿ ತಾನೂ ಮೈಕ್ರೋಸ್ಕೋಪಿಗೆ ಕಣ್ಣು ಇಟ್ಟಿದ್ಲು. ಎಳಿ ನಡುವ ಏನೋ ಬಿಳಿ ಹರಳು ಹರಳು ಕಾಣಾಕತ್ತಿದ್ವು, ಮರಳೂ ಅಲ್ಲ, ಗುಳ್ಳೀನೂ ಅಲ್ಲ. ಹೊಂದಿಸಿ ನೋಡಿದ್ಲು, ಹುಬ್ಬು ಗಂಟ ಹಾಕಿದ್ಲು. ಆಮ್ಯಾಲ ಅಯೋಡಿನ್ ಒಂದು ಹನಿ ಬಿಟ್ಲು. ಹರಳೆಲ್ಲಾ ನೀಲಿ ಕಪ್ಪು ಆದ್ವು. ಬಾಟನ್ಯಾಗ ಇದು ಪಿಯುಸಿ ಹುಡುಗರಿಗೂ ಗೊತ್ತು, ಅಯೋಡಿನ್ನಿಗೆ ನೀಲಿ ಬಂತಂದ್ರ ಅದು ಪಿಷ್ಟ, ಅಂದ್ರ ಹಿಟ್ಟು.

"ಕಾಕಾ, ಟ್ಯಾಂಕಿನ್ಯಾಗ ಹಿಟ್ಟು ಹಾಕೀರೇನ್ರಿ?"

"ಸಮುದ್ರಕ್ಕ ಯಾಂವ ಹಿಟ್ಟು ಹಾಕ್ತಾನವಾ?"

"ಯಾರೋ ಹಾಕ್ಯಾರ್ರಿ. ಇಷ್ಟು ಹಿಟ್ಟು ಕೊಳತ ಮ್ಯಾಲ ಕೆಂಪೂ ಬರತೈತಿ, ಹಸರೂ ಬರತೈತಿ. ಎರಡಕ್ಕೂ ಅದ ಊಟ."

ತಿರುಗಿ ಬಸ್ಸಿನ್ಯಾಗ ಬರೋವಾಗ ಕಾಕಾರಿಗೆ ಹೊರಗ ಏನೂ ಕಾಣಲಿಲ್ಲ. ಮನಿಗೆ ಬಂದವ್ರು ಚಪ್ಪಲಿ ಬಿಟ್ಟು, ಅಂಗಿ ತೋಳು ಏರಿಸಿ, ಸೀದಾ ಕಲ್ಲಿನ ಹಿಂದ ಕೈ ಹಾಕಿದ್ರು, ಎದುರಿಗೆ ನಿಂತವ್ರಿಗೆ ಕಾಣಧ ಜಾಗಾದಾಗ. ಅಲ್ಲಿ ಮೆತ್ತಗ ಏನೋ ಸಿಕ್ತು. ತಗದು ಹೆಬ್ಬೆರಳು, ತೋರಬೆರಳ ನಡುವ ತಿಕ್ಕಿದ್ರು. ಬೆರಳು ಎಷ್ಟೋ ದಿನದ ಮ್ಯಾಲ ಮಾತಾಡ್ತು. ಜೋಳ. ಬಿಳಿಜೋಳ. ಬೀಸಿ, ಬಡದು, ಹೆಂಚಿನ ಮ್ಯಾಲ ಸುಟ್ಟದ್ದು. ಅವ್ರ ಮನ್ಯಾಂದ.

ರಾಜೇಶ್ವರಿ ಕಾಕುನ ಕೇಳಿದ್ರ, ನಾ ನಿಮ್ಮ ಮೀನಿನ ಸನೇಕ ಯಾವತ್ತರ ಹೋಗೇನಿ ಏನು ಅಂತ ತಿರುಗಿ ಕೇಳಿದ್ರು. ಅದೂ ಖರೇ. ಉಳದಾಕಿ ಮನ್ಯಾಗ ಒಬ್ಬಾಕಿನ, ಬಾಳವ್ವಾಯಿ, ಕಾಕಾರ ಅವ್ವ. ಆದ್ರ ಅಕಿ ಮೀನಿನ ಊಟದ ಡಬ್ಬಿ ಕೈಲೆ ಮುಟ್ಟಾಕಿ ಅಲ್ಲ, ಅದರಾಗ ಸೀಗಡಿ ಪುಡಿ ಇರತೈತಿ ಅಂತ ಗೊತ್ತಾದ ದಿನದಿಂದ ಅದನ್ನ ಇಟ್ಟ ಕಪಾಟಿನ ಕಡೆ ಮಾರಿನೂ ಮಾಡಿಲ್ಲ. ಕಾಕಾರಿಗೆ ನಂಬಾಕಾಗಲಿಲ್ಲ. ಮರುದಿನ ಮಾರ್ಕೆಟ್ಟಿಗೆ ಹೋಗಧ, ಪೇಪರ್ ಮಾರಿಗೆ ಹಿಡಕೊಂಡು ಪಡಸಾಲ್ಯಾಗ ಕುಂತ್ರು.

ಊಟದ ಹೊತ್ತಾತು. ಬಾಳವ್ವಾಯಿ ತನ್ನ ತಾಟು ಹಿಡಕೊಂಡು ಬಂದ್ಲು. ಬಿಸಿ ರೊಟ್ಟಿ ಅಂಚು ಮುರದ್ಲು, ಬೆರಳಿಲೆ ಸಣ್ಣಗ ಪುಡಿ ಮಾಡಿದ್ಲು, ಟ್ಯಾಂಕಿನ ಮುಚ್ಚಳದ ಸಂದ್ಯಾಗಿಂದ ಒಳಗ ಬಿಟ್ಲು, ಕಣ್ಣು ಮುಚ್ಚಿ ಕೈ ಮುಗದ್ಲು. ಆಮ್ಯಾಲ ಸಮಾಧಾನದಲೆ ಕೆಳಗ ಕುಂತು ತಾನು ಮೊದಲನೇ ತುತ್ತು ಮುರದ್ಲು. ಕೇಸರಿ ಮೀನು ಬಂದು ಒಂದು ಪುಡಿ ಬಾಯಾಗ ತಗೊಂಡು, ಫೂ ಅಂತ ಉಗಳಿ, ಹೋತು. ಪುಡಿ ಮೆಲ್ಲಕ ಕಲ್ಲಿನ ಹಿಂದ ಇಳೀತು.

ಕಾಕಾರಿಗೆ ಆಗ ತಿಳೀತು, ಎಲ್ಲಾ ಒಮ್ಮಿಗೆ. ಆ ಮನ್ಯಾಗ ಒಂದು ನಡಾವಳಿ ಐತಿ. ತಾ ಉಣ್ಣೋದಕ್ಕಿಂತ ಮೊದಲ ಇನ್ನೊಂದು ಜೀವಕ್ಕ ಕೊಡಬೇಕು, ಅದ ದಾಸೋಹ, ಬಾಳವ್ವಾಯಿ ಲಗ್ನ ಆಗಿ ಬಂದಾಗಿಂದ ಒಂದು ಹೊತ್ತು ತಪ್ಪಿಸಿಲ್ಲ. ಮೊದಲ ಹಿತ್ತಲದಾಗ ಎತ್ತು ಇದ್ವು. ಅವು ಹೋದ ಮ್ಯಾಲ ಓಣ್ಯಾಗ ಹುಲಗೇಶ ಅನ್ನಾವನ ಆಕಳ ಬರತಿತ್ತು, ಹೊತ್ತಿಗೆ ಸರಿಯಾಗಿ ಬಾಗಲದಾಗ ನಿಂದರ್ತಿತ್ತು. ಈ ಸಲ ಬ್ಯಾಸಗಿ ಶುರು ಆಗೂದ್ರಾಗ ಹುಲಗೇಶ ಆಕಳ ಅಮ್ಮಿನಬಾವಿಗೆ ಅಕ್ಕನ ಮನಿಗೆ ಬಿಟ್ಟು ಬಂದಿದ್ದ, ಇಲ್ಲಿ ಮೇವಿಲ್ಲ, ಗಾಡಿ ಕಾಟ ಬ್ಯಾರೇ. ಆವಾಗಿಂದನ ಟ್ಯಾಂಕಿನ್ಯಾಗ ಕಂದು ಧೂಳು ಬಂದಿದ್ದು. ಆವಾಗಿಂದನ.

ಕಾಕಾರು ಪೇಪರ್ ಕೆಳಗಿಟ್ಟು, ಅವ್ವ ಉಂಡು ಮುಗಸೂತನಾ ಕಾಯ್ದು, ಸನೇಕ ಹೋಗಿ ಕುಂತ್ರು.

"ಯವ್ವಾ, ಮೀನಿಗೆ ರೊಟ್ಟಿ ಸೇರಂಗಿಲ್ಲ."

"ಸೇರತೈತಿ. ಬಾಯಾಗ ತಗೋತಾವು."

"ತಗೊಂಡು ಉಗಳ್ತಾವು."

"ನೀನೂ ಸಣ್ಣಾವ ಇದ್ದಾಗ ಉಗಳ್ತಿದ್ದಿ ಮುರಗ್ಯಾ. ನಾ ಹಾಕೋದು ಬಿಟ್ಟೇನೇನು?"

ಕಾಕಾರು ತಮಗ ತಿಳದ ಭಾಷಾದಾಗ ತಿಳಿಸಿ ಹೇಳಾಕ ನೋಡಿದ್ರು. ನೆಲದಾಗಿನ ಹಗೇದಾಗ ಹಸಿ ಜೋಳ ತುಂಬಿದ್ರ ಏನಾಗತೈತಿ, ಬೂಷ್ಟು ಹಿಡದು ಒಣಾ ಜೋಳನೂ ಕೆಡತೈತಿ, ಹಂಗ ಇಲ್ಲಿ ರೊಟ್ಟಿ ಕೊಳತು ಕೆಂಪು ಬಂದೈತಿ, ಆ ಹಸರು ಹೂವು ಅರ್ಧ ಸತ್ತೈತಿ ನೋಡವ್ವಾ ಅಂದ್ರು. ಬಾಳವ್ವಾಯಿ ಎದ್ದು ಹೋಗಿ ಗಾಜಿಗೆ ಮಾರಿ ಹಚ್ಚಿ ನೋಡಿದ್ಲು. ಬಿಳಿ ಎಲುವು ಕಂಡಿತು ಅಕಿಗೆ. ಸೆರಗಿಲೆ ಗಾಜು ಒರಸಿ ಇನ್ನೊಮ್ಮೆ ನೋಡಿದ್ಲು. ಕಡೀಕ ತಿರುಗಿ ಕೇಳಿದ್ಲು, "ಹಂಗಾರ ನಾ ಮೊದಲನೇ ತುತ್ತು ಯಾರಿಗೆ ಕೊಡ್ಲಿ? ಅಷ್ಟು ಹೇಳು."

ಸಂಜಿಮುಂದ ಅಕಿ ಉಣ್ಣಲಿಲ್ಲ. ಸಿಟ್ಟಿಲ್ಲ, ಸೆಡವಿಲ್ಲ. ಕೊಡಾಕ ಯಾರೂ ಇಲ್ಲ ಅಂತ ತಾಟಿಗೆ ಕುಂಡ್ರಲಿಲ್ಲ ಅಷ್ಟ. ರಾಜೇಶ್ವರಿ ಕಾಕು ಗಂಡನ ಮಾರಿ ನೋಡಿದ ನೋಟ ಹೆಂಗಿತ್ತಂದ್ರ ಕಾಕಾರು ಚಪ್ಪಲಿ ಮೆಟ್ಟಿಕೊಂಡು ಹೊರಗ ಹೋದ್ರು. ಹುಲಗೇಶನ ಕಂಡು ಆಕಳ ತಿರುಗಿ ತರತಿ ಏನಪಾ ಅಂತ ಕೇಳಿದ್ರು, ಅವ ಇವ್ರಿಗೆ ಹುಚ್ಚೋ ಬೆಪ್ಪೋ ಅಂತ ನೋಡಿದ. ಓಣಿ ಮೂಲ್ಯಾಗಿನ ನಾಯಿ ನೋಡಿದ್ರು, ನಾಯಿ ಇವ್ರನ್ನ ನೋಡ್ತು. ಅದಕ್ಕ ಅವ್ವ ಉಂಡಾದ ಮ್ಯಾಲ ಹಾಕ್ತಾಳ, ಮೊದಲ ಅಲ್ಲ, ಅದಕ್ಕೂ ಲೆಕ್ಕ ಬ್ಯಾರೇ ಇತ್ತು ಅಕಿದು. ಹವಳ ಉಳಿಸಾಕ ಹೋದ್ರ ಅವ್ವ ಉಪಾಸ, ಅವ್ವನ ಉಣಿಸಾಕ ಹೋದ್ರ ಹವಳ ಹೋತು. ಸಯಾನೋ, ಡೈನೋಕ್ಕಿಂತ ಇದು ದೊಡ್ಡ ಗೋಜಲು, ಇದಕ್ಕ ವಾಟ್ಸ್ಯಾಪ್ ಗ್ರೂಪೂ ಇಲ್ಲ.

ನಡಕೋತ ನಡಕೋತ ಜುಲ್ಫಿಕಾರನ ಅಂಗಡಿಗೆ ಬಂದಿದ್ರು. ಅವ ಶಟರ್ ಎಳ್ಯಾಕತ್ತಿದ್ದ. ಎಲ್ಲಾ ಕೇಳಿ ಅವ ನಗಲಿಲ್ಲ. ಅವ್ರ ಅಮ್ಮೀನೂ ಹಂಗ ಅಂತ, ಪಾರಿವಾಳಕ್ಕ ಕಾಳು ಹಾಕಧ ಚಹಾ ಮುಟ್ಟಂಗಿಲ್ಲ. ಆಮ್ಯಾಲ ಒಳಗ ಹೋಗಿ ಹುಡುಕಿ ಒಂದು ಸಣ್ಣ ಡಬ್ಬಿ ತಂದ. ಸಮುದ್ರದ ಸೊಪ್ಪಿಲೆ ಮಾಡಿದ ಸಣ್ಣ ಕಾಳು, ಸೀಗಡಿ ಇಲ್ಲ, ಮೀನಿಲ್ಲ, ಏನಿಲ್ಲ. ಸಮುದ್ರದ ಸೊಪ್ಪಂದ್ರ ಏನಪಾ ಅಂತ ಕಾಕಾರು ಕೇಳಿದ್ರು.

"ಒಂದು ನಮೂನಿ ಪಾಚಿನ ಸಾವಕಾರ್ರ."

ಕಾಕಾರು ಡಬ್ಬಿ ಹಿಡಕೊಂಡು ಅಲ್ಲೇ ಕಟ್ಟಿಮ್ಯಾಲ ಕುಂತ್ರು. ಪಾಚಿ ಬಂದೈತಿ ಅಂತ ಬಂದ್ರ ಪಾಚಿ ಹಾಕು ಅಂತಾನ. ಆದ್ರ ಈಗ ಅವ್ರು ತಿಳ್ಕೊಳ್ಳೋ ಆಸೆ ಬಿಟ್ಟಿದ್ರು.

ಬಾಳವ್ವಾಯಿ ಡಬ್ಬಿ ಮೂಸಿದ್ಲು. ಇದರಾಗ ಮೀನಿಲ್ಲಂತ ಆಣಿ ಮಾಡು ಅಂದ್ಲು. ಕಾಕಾರು ಜುಲ್ಫಿಕಾರಗ ಫೋನ್ ಹಚ್ಚಿ ಕೊಟ್ರು, ಅವ ಆ ಕಡಿಂದ ಡಬ್ಬಿ ಮ್ಯಾಲಿನದೆಲ್ಲಾ ಓದಿ, ಇದು ನಿಮ್ಮಂಗ ಶುದ್ಧ ಶಾಕಾಹಾರಿ ಐತಿ ಆಯಿ ಅಂದ. ಆಮ್ಯಾಲ ಅಳತಿ ಬಂತು. ಕಾಕಾರು ಒಂದು ಚಿಮಟಿಗಿ ತೋರಿಸಿದ್ರು. ಇಷ್ಟನ? ಇದು ಇರಿವಿಗೂ ಸಾಲಂಗಿಲ್ಲ ಅಂದ್ಲು ಅಕಿ. ಮೀನಿನ ಹೊಟ್ಟಿ ಅದರ ಕಣ್ಣಿನಷ್ಟ ಇರತೈತಿ ಯವ್ವಾ ಅಂದ್ರು ಇವ್ರು. ಬಾಳವ್ವಾಯಿ ಬಗ್ಗಿ ಮೀನಿನ ಕಣ್ಣು ನೋಡಿದ್ಲು, ತನ್ನ ಚಿಮಟಿಗಿ ನೋಡಿಕೊಂಡ್ಲು, ಸ್ವಲ್ಪ ತಿರುಗಿ ಡಬ್ಬಿಗೆ ಉದರಸಿದ್ಲು. ಹಾಕಿದ್ಲು. ಕೇಸರಿ ಮೀನು ಬಂದು ತಗೊಂಡ್ತು, ಉಗಳಲಿಲ್ಲ. ಆ ಮ್ಯಾಲ ಅಕಿ ತಾಟು ಕೇಳಿದ್ಲು.

ಆದ್ರ ಒಂದು ಮಾತು ಉಳದಿತ್ತು. ಅವ್ವ ದಿನಕ್ಕೆರಡು ಹೊತ್ತು ಹಾಕಿದ್ರ, ಮತ್ತ ಕಾಕಾರೂ ಹಾಕಿದ್ರ, ಲೆಕ್ಕ ಅಲ್ಲಿಗ ಬರತೈತಿ. ಫೋನಿನ್ಯಾಗ ಮಯೂರಿ ಇದನ್ನ ಮೆಲ್ಲಕ ಹೇಳಿದ್ಲು, ಇಬ್ಬರಾಗ ಒಬ್ಬರ ಹಾಕ್ಬೇಕ್ರಿ ಕಾಕಾ. ಕಾಕಾರು ಹೂಂ ಅಂದ್ರು. ಅವತ್ತಿನಿಂದ ತಮ್ಮ ಡಬ್ಬಿ ಕಪಾಟಿನ್ಯಾಗ ಇಟ್ಟು ಕೀಲಿ ಹಾಕಿದ್ರು. ಬೆಳಿಗ್ಗೆ ಗಾಜಿನ ಮುಂದ ನಿಂತ್ರ ಮೀನು ಇವ್ರ ಕಡೆ ಓಡಿ ಬರ್ತಾವು, ಬಾಯಿ ತಗೀತಾವು, ಇವ್ರ ಕೈಯಾಗ ಏನಿಲ್ಲ. ನಿಮ್ಮ ಅಜ್ಜಿ ಕೊಡ್ತಾಳ ನಿಂದರ್ರಿ ಅಂತ ಅವಕ್ಕ ಹೇಳ್ತಿದ್ರಂತ. ಕಾಕು ಕೇಳಿಸ್ಕೊಂಡಾರ.

ಕೆಲಸ ಭಾಳ ಇತ್ತು. ಸಣ್ಣ ಪೈಪಿಲೆ ಕೆಂಪು ಪದರು ಜಗ್ಗಿ ತಗದ್ರು, ಕಲ್ಲು ಒಂದೊಂದ ಎತ್ತಿ ಹಿಂದಿನ ಕೊಳತ ರೊಟ್ಟಿ ತಗದ್ರು, ಬ್ರಶ್ಶಿಲೆ ಹಸರು ಕೂದಲಾ ತಿಕ್ಕಿದ್ರು, ನೀರು ಬದಲಸಿದ್ರು, ಮತ್ತ ಬದಲಸಿದ್ರು. ಒಂದು ವಾರ ಹೋದಂಗ ಅನಸ್ತಿತ್ತು, ಮುಂದಿನ ವಾರ ತಿರುಗಿ ಬರ್ತಿತ್ತು, ಕಾಕಾರು ತಲಿ ಮ್ಯಾಲ ಕೈ ಹೊತ್ತು ಕುಂದರ್ತಿದ್ರು, ಹಂಗ ಮಾಡ್ತ ಮಾಡ್ತ ಮಳಿಗಾಲ ಹಿಡೀತು. ಶ್ರಾವಣ ಹತ್ತಿರ ಬರೂದ್ರಾಗ ಮರಳು ಬೆಳ್ಳಗ ಕಂಡಿತು. ಸುತ್ತಿಗಿ ಹವಳ ಅರ್ಧ ಉಳೀತು. ಉಳದ ಅರ್ಧ ಒಂದು ಮುಂಜಾನೆ ಹಸರಾಗಿ ಉಬ್ಬಿ ಅರಳ್ತು. ಇನ್ನೊಂದು ಅರ್ಧ ಬಿಳಿ ಎಲುವಾಗಿನ ನಿಂತಿತ್ತು.

ಆ ಎಲುವಿನ ಮ್ಯಾಲ, ಮೊನ್ನೆ, ಕಾಕಾರಿಗೆ ಒಂದು ಚುಕ್ಕಿ ಕಂಡಿತು. ಜಾಂಬಳಿ ಬಣ್ಣದ್ದು, ನೇರಳಿ ಹಣ್ಣಿನಂಗ. ಕನ್ನಡಕ ಹಾಕ್ಕೊಂಡು ನೋಡಿದ್ರು, ಒಂದಲ್ಲ, ಹತ್ತಾರು. ಬ್ರಶ್ ತಗೊಂಡು, ಕೈ ನೀರಿನ್ಯಾಗ ಬಿಟ್ಟು, ಇನ್ನೇನು ತಿಕ್ಕಬೇಕು, ಆದ್ರ ಈ ಸಲ ತಡದ್ರು. ಇನ್ನೊಂದು ಕೈಲೆ ಫೋನ್ ಹಚ್ಚಿದ್ರು.

"ಮಯೂರಿ, ಈಗ ಜಾಂಬಳಿದು ಬಂದೈತವಾ."

ಮಯೂರಿ ಫೋಟೋ ತರಿಸಿಕೊಂಡು ನೋಡಿ, ಉಗುರಿಲೆ ಕೆರದು ನೋಡ್ರಿ ಕಾಕಾ, ಎದ್ದು ಬರತೈತೇನು ಅಂದ್ಲು. ಕೆರದ್ರು. ಕಲ್ಲಿನಂಗ ಗಟ್ಟಿ, ಎಳಿ ಇಲ್ಲ, ಲೋಳಿ ಇಲ್ಲ, ಬೆರಳಿಗೆ ಏನೂ ಬರಲಿಲ್ಲ. ಹಂಗಾರ ಬಿಡ್ರಿ, ಇದೂ ಪಾಚ್ಯಾಗಿನದ ಒಂದು, ಆದ್ರ ಛಲೋದು, ನೀರು ಸುಧಾರಿಸಿದ ಮ್ಯಾಲ ಬರೋವಂಥಾದ್ದು, ಸತ್ತ ಎಲುವಿನ ಮ್ಯಾಲ ಬಣ್ಣ ತುಂಬತೈತಿ ಅಂತ ಹೇಳಿ, ಅಕಿಗೆ ಕ್ಲಾಸಿತ್ತು, ಫೋನ್ ಇಟ್ಲು.

ಕಾಕಾರು ಮೊಣಕೈತನಾ ನೀರಿನ್ಯಾಗ ಹಂಗ ನಿಂತಿದ್ರು, ಕೈಯಾಗ ಬ್ರಶ್. ಇಷ್ಟು ದಿನ ಪಾಚಿ ತಗೀರಿ ಅಂದಾಕಿ ಈಗ ಬಿಡ್ರಿ ಅಂತಾಳ. ಬಾಳವ್ವಾಯಿ ತನ್ನ ಡಬ್ಬಿ ಹಿಡಕೊಂಡು ಬಾಜೂಕ ಬಂದು ನಿಂತ್ಲು, ಬಗ್ಗಿ ನೋಡಿದ್ಲು.

"ಏನೋ ಅದು?"

"ಗೊತ್ತಿಲ್ಲ ಯವ್ವಾ. ಛಲೋದಂತ."

"ಛಲೋದಿದ್ರ ಕೈ ತಗಿ. ನನಗ ಊಟದ ಹೊತ್ತಾತು."

ಕಾಕಾರು ಕೈ ತಗದ್ರು.